ಅಪ್ಪನ ಡಬ್ಬಗಳೂ ವಾಣಿಯ ಕೈಯೂ

ನಾನು ಹೊಟ್ಟೆಕಿಚ್ಚಿನವಳು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಚ್ಚಿಟ್ಟರೂ ಎರಡು ಪುಟ ದಾಟುವುದರೊಳಗೆ ನಿಮಗೇ ಗೊತ್ತಾಗಿಬಿಡುತ್ತದೆ. ಶಂಕರಘಟ್ಟದಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ಇದು ಗೊತ್ತು, ನನ್ನ ಗಂಡನಿಗೆ ಗೊತ್ತು, ಮಗಳಂತೂ ಸಂಜೆ ನನ್ನ ಮುಖ ನೋಡಿದೊಡನೆ, “ಇವತ್ತು ಯಾರಿಗೆ ಏನು ಸಿಕ್ತಮ್ಮ?” ಎಂದು ಕೇಳುತ್ತಾಳೆ. ಆದರೆ ಹುಟ್ಟಿನಿಂದ ಹೀಗಿದ್ದವಳಲ್ಲ. ಹತ್ತು ವರ್ಷ ತುಂಬುವವರೆಗೆ ಹೊಟ್ಟೆಕಿಚ್ಚು ಪಡಲು ನನಗೆ ಯಾರೂ ಇರಲಿಲ್ಲ. ಭದ್ರಾವತಿಯ ನ್ಯೂ ಟೌನಿನಲ್ಲಿ ಕಾರ್ಖಾನೆಯವರು ಕೊಟ್ಟಿದ್ದ ಎರಡು ಕೋಣೆಯ ಕ್ವಾರ್ಟರ್ಸು, ಅದರಲ್ಲಿ ಅಪ್ಪ, ಅಮ್ಮ ಮತ್ತು ನಾನು. ದೋಸೆ ಹುಯ್ದರೆ ಮೊದಲ ದೋಸೆ ನನಗೆ, ಕೊನೆಯ ಗರಿಗರಿ ದೋಸೆಯೂ ನನಗೇ. ಭಾನುವಾರ ಎಣ್ಣೆ ಹಚ್ಚಿಸಿಕೊಂಡು ಮೊದಲು ಬಿಸಿನೀರಿಗೆ ಇಳಿಯುವವಳೂ ನಾನೇ. ಒಂದೇ ತಲೆ, ಎರಡು ಜಡೆ, ಎರಡೂ ಜಡೆ ಹಾಕಲು ಅಮ್ಮನಿಗೆ ಬೇಕಾದಷ್ಟು ಸಮಯ.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಮೂರರ ಹೊತ್ತಿಗೆ ಮನೆಗೆ ಬಂದರೆ ಊಟ ಮಾಡಿ, ಹತ್ತು ನಿಮಿಷ ಕಣ್ಣು ಮುಚ್ಚಿ, ಹಿತ್ತಿಲ ಕಡೆಯ ಜಗಲಿಗೆ ಬಂದು ಕೂರುತ್ತಿದ್ದರು. ಆಗ ತಾನೇ ನಮ್ಮ ಬೀದಿಗೆಲ್ಲ ಪ್ಲಾಸ್ಟಿಕ್ ಡಬ್ಬಗಳು ಬಂದಿದ್ದವು. ತುಕ್ಕು ಹಿಡಿಯುವ ತಗಡಿನ ಡಬ್ಬಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಹೆಂಗಸರು ಮುಚ್ಚಳವಿರುವ ದೊಡ್ಡ ದೊಡ್ಡ ಡಬ್ಬಗಳನ್ನು ಕೊಂಡು ಒಂದರ ಮೇಲೊಂದು ಪೇರಿಸಿದರು. ಪೇರಿಸಿದ ಮೇಲೆ ಗೊತ್ತಾಯಿತು, ಎಲ್ಲಕ್ಕಿಂತ ಕೆಳಗಿನ ಡಬ್ಬದಿಂದ ನಾಲ್ಕು ಈರುಳ್ಳಿ ಬೇಕಾದರೆ ಮೇಲಿನ ಮೂರನ್ನೂ ಇಳಿಸಬೇಕು. ಅದೂ ಅಲ್ಲದೆ ಗಾಳಿಯಿಲ್ಲದೆ ಈರುಳ್ಳಿ ಬೆವರಿ ಕೊಳೆಯುತ್ತಿತ್ತು. ಅಮ್ಮ ದಿನವೂ ಗೊಣಗುವುದನ್ನು ಕೇಳಿ ಕೇಳಿ ಅಪ್ಪ ಒಂದು ದಿನ ಕೆಳಗಿನ ಡಬ್ಬದ ಮುಂಭಾಗದಲ್ಲೇ ಕೈ ಹೋಗುವಷ್ಟು ದುಂಡನೆಯ ಬಾಯಿ ಕೊರೆದುಕೊಟ್ಟರು. ಎಂಟು ದಿನದೊಳಗೆ ಬೀದಿಯ ಅರ್ಧ ಡಬ್ಬಗಳು ನಮ್ಮ ಜಗಲಿಯಲ್ಲಿದ್ದವು.

ಅಪ್ಪನ ಹತ್ತಿರ ಇದಕ್ಕೆಂದು ವಿಶೇಷವಾದ ಯಂತ್ರವೇನೂ ಇರಲಿಲ್ಲ. ಒಂದು ಸೀಮೆಎಣ್ಣೆ ಸ್ಟವ್, ಇಕ್ಕಳ, ಎರಡು ಉದ್ದನೆಯ ಮೊಳೆ, ಹಿಡಿಯುವ ಕಡೆ ಬಟ್ಟೆ ಸುತ್ತಿದ ಅರ್ಧ ಹ್ಯಾಕ್ಸಾ ಬ್ಲೇಡು, ಅಂಚು ಉಜ್ಜಲು ಒಂದು ಅರ, ಒಂದು ಚೂರು ಉಪ್ಪು ಕಾಗದ. ಅಳತೆಗೆ ಅವರು ಟೇಪು ಹಿಡಿಯುತ್ತಿರಲಿಲ್ಲ. ಡಬ್ಬ ತಂದ ಹೆಂಗಸಿಗೆ, “ಒಂದು ಬಳೆ ಬಿಚ್ಚಿ ಕೊಡಿ,” ಎನ್ನುತ್ತಿದ್ದರು. ಯಾರ ಕೈ ಒಳಗೆ ಹೋಗಬೇಕೋ ಅವರ ಬಳೆ. ಅದನ್ನು ಡಬ್ಬದ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಆ ಗೆರೆಯ ಆಚೆ ಒಂದು ಬೆರಳಗಲ ಬಿಟ್ಟು ಇನ್ನೊಂದು ಗೆರೆ ಎಳೆಯುವರು. “ಬಳೆ ಅಳತೆ ಬರೀ ಕೈಗೆ. ಏನಾದ್ರೂ ಹಿಡ್ಕೊಂಡು ಬರೋ ಕೈಗೆ ಇನ್ನೊಂದು ಬೆರಳು ಜಾಗ ಬೇಕು,” ಎಂಬುದು ಅವರ ಲೆಕ್ಕ. ಆಮೇಲೆ ಕೆಂಪಗೆ ಕಾಯಿಸಿದ ಮೊಳೆಯಿಂದ ಗೆರೆಯುದ್ದಕ್ಕೂ ತೂತುಗಳನ್ನಿಟ್ಟು, ತೂತಿನಿಂದ ತೂತಿಗೆ ಬ್ಲೇಡು ಎಳೆದರೆ ದುಂಡನೆಯ ತುಂಡು ಕಳಚಿ ಬೀಳುತ್ತಿತ್ತು. ಕೊನೆಗೆ ಅರ, ಉಪ್ಪು ಕಾಗದ, ಅಂಚಿನ ಮೇಲೆ ಹೆಬ್ಬೆರಳು. ಕೈಗೆ ತರಚುವ ಬಾಯಿಯನ್ನು ಅಪ್ಪ ಯಾರಿಗೂ ಕೊಟ್ಟವರಲ್ಲ.

ಎದುರು ಮನೆಯ ಸೆಲ್ವಿ ಆಂಟಿ ಒಮ್ಮೆ ತಮ್ಮ ಬೆಕ್ಕಿನ ಬಾಣಂತನಕ್ಕೆಂದು ಡಬ್ಬ ತಂದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಅವರದೇ ಕನ್ನಡ.

“ಅಣ್ಣ, ನಮ್ ಬೆಕ್ಕಿಗೆ ಬಳೆ ಇಲ್ಲ. ಅಳತೆ ಹೆಂಗೆ ತಗೋತೀರಿ?”

“ಅದರ ಮೀಸೆ ಇದೆಯಲ್ಲಮ್ಮ. ಮೀಸೆ ತಾಗದಂಗೆ ಇಟ್ರೆ ಮೈ ತಾನೇ ಹೋಗತ್ತೆ,” ಎಂದು ಅಪ್ಪ ನಿಜಕ್ಕೂ ಬೆಕ್ಕನ್ನು ತರಿಸಿಕೊಂಡು ಮೀಸೆ ಅಳೆದರು.

ಇದರಲ್ಲೆಲ್ಲ ನನ್ನ ಕೆಲಸ ಡಬ್ಬ ಅಲುಗದಂತೆ ಹಿಡಿದುಕೊಳ್ಳುವುದು, ಪುಡಿ ಊದುವುದು, ಸ್ಟವ್ ಹಚ್ಚುವುದು. ಬ್ಲೇಡು ಕೊಡು ಎಂದು ಎರಡು ವರ್ಷ ಕಾಡಿದೆ. “ನಿಂಗೆ ಅವಸರ ಜಾಸ್ತಿ ಶೈಲಾ. ಅವಸರದೋರ ಕೈಗೆ ಕಾದಿದ್ದು ಕೊಡಬಾರದು,” ಎನ್ನುತ್ತಿದ್ದರು. ನನಗೆ ಬೇಸರವಿತ್ತು, ಉರಿ ಇರಲಿಲ್ಲ. ಇವತ್ತಲ್ಲ ನಾಳೆ ಆ ಬ್ಲೇಡು ನನ್ನದೇ ಎಂದುಕೊಂಡಿದ್ದೆ. ನಾನಲ್ಲದೆ ಇನ್ನು ಯಾರಿದ್ದರು?

ವಾಣಿ ಬಂದಳು. ಅಪ್ಪನ ತಂಗಿ ಸರೋಜತ್ತೆಯ ಮಗಳು, ನನ್ನದೇ ವಯಸ್ಸು. ಅವರ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಅತ್ತೆಗೆ ಮೈ ಸರಿಯಿಲ್ಲ, ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರೆ, ಮಗಳು ಕಣ್ಣೆದುರಿಗಿದ್ದರೆ ಆಕೆ ಮಲಗುವುದಿಲ್ಲ. ಅದಕ್ಕೆ ವಾಣಿ ಸ್ವಲ್ಪ ದಿನ ನಮ್ಮಲ್ಲಿರುತ್ತಾಳೆ. ದೊಡ್ಡವರು ನಮಗೆ ಹೇಳಿದ್ದು ಇಷ್ಟು. ದೀಪಾವಳಿ ಮುಗಿಸಿಕೊಂಡು ಒಂದು ಚೀಲ ಬಟ್ಟೆಯ ಜೊತೆ ಬಂದವಳನ್ನು ನನ್ನ ಶಾಲೆಗೆ, ನನ್ನ ತರಗತಿಗೆ, ನನ್ನ ಬೆಂಚಿಗೇ ಸೇರಿಸಿದರು. ಮೊದಲ ರಾತ್ರಿ ಅಮ್ಮ ನನ್ನ ದಿಂಬನ್ನು ಅವಳಿಗೆ ಕೊಟ್ಟು ನನಗೆ ಹಳೆಯ ಸೀರೆ ಮಡಚಿ ಕೊಟ್ಟಳು. ಮರುದಿನದ ಮೊದಲ ದೋಸೆ ಅವಳ ತಟ್ಟೆಗೆ ಹೋಯಿತು. “ಅವಳು ತಾಯಿ ಬಿಟ್ಟು ಬಂದಿದಾಳೆ ಕಣೇ,” ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಬಿಟ್ಟು ಬಂದರೆ ನಾನೇನು ಮಾಡಲಿ, ನಾನು ಬಿಡಿಸಿದೆನೆ, ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಜಡೆ ಈಗ ನಾಲ್ಕು. ಅಮ್ಮ ಅವಳ ಎರಡನ್ನು ಬಿಗಿಯಾಗಿ ಹಾಕಿ, ನನ್ನ ಎರಡನ್ನು ಗಡಿಯಾರ ನೋಡುತ್ತಾ ಹಾಕುತ್ತಿದ್ದಳು. ಶಾಲೆ ತಲುಪುವಷ್ಟರಲ್ಲಿ ನನ್ನವು ಬಿಚ್ಚಿಕೊಂಡಿರುತ್ತಿದ್ದವು.

ಇವೆಲ್ಲವನ್ನೂ ಹೇಗೋ ನುಂಗಿಕೊಂಡಿರುತ್ತಿದ್ದೆ. ನುಂಗಲಾಗದ್ದು ನಾಲ್ಕನೆಯ ದಿನ ನಡೆಯಿತು. ಅಪ್ಪ ಜಗಲಿಯಲ್ಲಿ ಯಾರದೋ ಡಬ್ಬಕ್ಕೆ ತೂತಿಡುತ್ತಿದ್ದರು. ನಾನು ಹಿಡಿದುಕೊಂಡಿದ್ದೆ. ವಾಣಿ ಬಾಗಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದಳು. ಒಂದು ಮಾತಿಲ್ಲ, ಒಂದು ಪ್ರಶ್ನೆಯಿಲ್ಲ. ಅಪ್ಪ ತಲೆಯೆತ್ತಿ ಅವಳನ್ನೊಮ್ಮೆ ನೋಡಿ, ಬಟ್ಟೆ ಸುತ್ತಿದ ಬ್ಲೇಡನ್ನು ಅವಳ ಕಡೆ ಚಾಚಿದರು.

“ಎಳೀತೀಯೇನೆ ಪುಟ್ಟಿ? ಬಾ. ಒತ್ತಬೇಡ, ಬರೀ ಎಳಿ.”

ಎರಡು ವರ್ಷ ಕೇಳಿದ ನನಗೆ ಸಿಗದೆ ಇದ್ದದ್ದು ಕೇಳದೇ ಇದ್ದವಳಿಗೆ ಸಿಕ್ಕಿತು. ಅವಳು ಎಳೆದಳು. ಗೆರೆ ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ದುಂಡನೆಯ ತುಂಡು ನನ್ನ ಮಡಿಲಿಗೇ ಬಿತ್ತು. “ಭೇಷ್,” ಎಂದರು ಅಪ್ಪ. ನನಗೆ ಹೊಟ್ಟೆಯಲ್ಲಿ ಮೊಳೆ ಕಾಯಿಸಿ ಇಟ್ಟ ಹಾಗಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕನ್ನಡ ಮೇಷ್ಟರು ಅದೇ ವಾರ ಪಾಠ ಮಾಡಿದ್ದರು. ಅದು ನನಗೆ ಅರ್ಥವಾದಷ್ಟು ಆ ತರಗತಿಯಲ್ಲಿ ಇನ್ನು ಯಾರಿಗೂ ಅರ್ಥವಾಗಿರಲಾರದು.

ಅಲ್ಲಿಂದ ಮುಂದೆ ದಿನವೂ ಹೀಗೇ. ವಾಣಿ ಮೊಳೆ ಹಿಡಿಯುತ್ತಾಳೆ, ವಾಣಿ ಬ್ಲೇಡು ಎಳೆಯುತ್ತಾಳೆ, ನಾನು ಪುಡಿ ಊದುತ್ತೇನೆ. ಸ್ಟವ್ ಹಚ್ಚುವುದು ಮಾತ್ರ ನನಗೇ ಉಳಿಯಿತು, ಏಕೆಂದರೆ ವಾಣಿಗೆ ಕಡ್ಡಿ ಗೀರಲು ಹೆದರಿಕೆ. ಡಬ್ಬ ಒಯ್ಯಲು ಬಂದವರೆಲ್ಲ, “ಏನಣ್ಣ, ಸೊಸೆಗೆ ಕೆಲ್ಸ ಕಲಿಸಿಬಿಟ್ರಿ,” ಎಂದು ಅವಳ ಗಲ್ಲ ಹಿಂಡುತ್ತಿದ್ದರು. ನಾನು ಅವಳ ಪೆನ್ಸಿಲಿನ ಮೊನೆ ಮುರಿದೆ. ಅವಳ ಟಿಫಿನ್ನಿನ ಉಪ್ಪಿನಕಾಯಿ ಹೋಳು ಕದ್ದೆ. ಅವಳು ಯಾರಿಗೂ ಹೇಳಲಿಲ್ಲ. ಅದರಿಂದ ಇನ್ನೂ ಉರಿಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿನಿಂದ ಒಂದು ಹೊಸ ಡಬ್ಬ ತಂದರು. ಗಾಜಿನಂತೆ ಆಚೆಯಿಂದ ಈಚೆ ಕಾಣುವ ಡಬ್ಬ; ಅಂಥದ್ದನ್ನು ನಾವು ಅದುವರೆಗೆ ನೋಡಿರಲಿಲ್ಲ. ಅದು ಸರೋಜತ್ತೆಗೆ. ಮಾತ್ರೆ, ಬಾಚಣಿಗೆ, ಕರವಸ್ತ್ರ, ಲೋಟ, ಎಲ್ಲವನ್ನೂ ಅದರಲ್ಲಿಟ್ಟು ಹಾಸಿಗೆಯ ಪಕ್ಕ ಇಟ್ಟರೆ, ಎದ್ದು ಮುಚ್ಚಳ ತೆಗೆಯುವ ಗೋಜಿಲ್ಲದೆ ಮಲಗಿದಲ್ಲಿಂದಲೇ ಕೈ ಹಾಕಿ ತೆಗೆದುಕೊಳ್ಳಬಹುದು. ಅತ್ತೆಯ ಒಂದು ಹಸಿರು ಬಳೆ ವಾಣಿಯ ಚೀಲದಲ್ಲಿತ್ತು. ಬರುವಾಗ ಅವಳೇ ಕೇಳಿ ತಂದಿದ್ದಳಂತೆ. ಅದನ್ನಿಟ್ಟು ಗೆರೆ ಎಳೆದಾಯಿತು.

“ಭಾನುವಾರ ತಗೊಂಡು ಹೋಗೋಣ. ಅಮ್ಮಂಗೆ ನೀನೇ ಕೊರಿ ಪುಟ್ಟಿ, ನಾನು ಬರೀ ನೋಡ್ತೀನಿ. ಆದ್ರೆ ಇದು ಬಕೆಟ್ ಪ್ಲಾಸ್ಟಿಕ್ ಅಲ್ಲ, ಸಿಡುಕಿನ ಜಾತಿ. ಮೊಳೆ ಚೆನ್ನಾಗಿ ಕಾಯ್ಬೇಕು,” ಎಂದರು ಅಪ್ಪ.

ಆ ಕೊನೆಯ ಮಾತು ಹೇಳುವಾಗ ನಾನು ಅಲ್ಲಿರಲಿಲ್ಲ. ‘ನೀನೇ ಕೊರಿ’ ಎಂದದ್ದು ಕಿವಿಗೆ ಬಿದ್ದೊಡನೆ ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಿದ್ದೆ. ಉಳಿದದ್ದನ್ನು ಆಮೇಲೆ ವಾಣಿಯಿಂದ ಕೇಳಿದೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿ ಬಂದಾಗ ಅಮ್ಮ ಸೆಲ್ವಿ ಆಂಟಿಯ ಮನೆಯಲ್ಲಿ ಹಪ್ಪಳ ಒತ್ತಲು ಹೋಗಿದ್ದಳು, ವಾಣಿಯನ್ನು ಹಿಂದಿ ಟೀಚರು ಪುಸ್ತಕ ಜೋಡಿಸಲು ನಿಲ್ಲಿಸಿಕೊಂಡಿದ್ದರು. ಅಪ್ಪ ಬರಲು ಇನ್ನೂ ಎರಡು ಗಂಟೆ. ನಾನು ಡಬ್ಬವನ್ನು ಜಗಲಿಗೆ ತಂದೆ. ಎರಡು ವರ್ಷ ನೋಡಿದ್ದೇನೆ, ಏನು ಮಹಾ. ನನ್ನ ಕೈಕೆಲಸ ನೋಡಿ ಅಪ್ಪ ಬೆರಗಾಗಬೇಕು, ವಾಣಿ ಬಂದು ಸುಮ್ಮನೆ ನಿಂತು ನೋಡಬೇಕು, ಇಷ್ಟೇ ತಲೆಯಲ್ಲಿದ್ದದ್ದು. ಸ್ಟವ್ ಹಚ್ಚಿ ಮೊಳೆ ಕಾಯಿಸಿ ಮೊದಲ ಮೂರು ತೂತು ಇಟ್ಟೆ. ಚೆನ್ನಾಗಿಯೇ ಬಂದವು. ಪ್ರತಿ ತೂತಿಗೂ ಮೊಳೆಯನ್ನು ಮತ್ತೆ ಕಾಯಿಸಬೇಕು, ಪ್ರತಿ ಸಲವೂ ಕಾಯಬೇಕು. ಬಕೆಟ್ ಪ್ಲಾಸ್ಟಿಕ್ಕಾದರೆ ಆರಿದ ಮೊಳೆಯನ್ನೂ ಒತ್ತಿ ತಿರುಗಿಸಿದರೆ ಒಳಗೆ ಇಳಿಯುತ್ತಿತ್ತು. ನಾಲ್ಕನೆಯದಕ್ಕೆ ನಾನು ಹಾಗೇ ಮಾಡಿದೆ. ‘ಟಪ್’ ಎಂದಿತು. ಗೆರೆಯಿಂದ ಹೊರಟ ಬಿರುಕು ಡಬ್ಬದ ಬುಡದವರೆಗೆ ಓಡಿತು.

ಸ್ಟವ್ ಆರಿಸಿದೆ. ಡಬ್ಬವನ್ನು ಗೋಡೆಗೆ ತಿರುಗಿಸಿಟ್ಟೆ. ಬಚ್ಚಲಿಗೆ ಹೋಗಿ ಕೈ ತೊಳೆದೆ. ಆಮೇಲೆ ಬೇಕಂತಲೇ ಪುಸ್ತಕ ಹಿಡಿದು ಮುಂದಿನ ಕೋಣೆಯಲ್ಲಿ ಕೂತೆ.

ಅಪ್ಪ ಬಂದರು, ಊಟಕ್ಕೂ ಮೊದಲೇ ಡಬ್ಬ ನೋಡಿದರು. ಅಷ್ಟರಲ್ಲಿ ವಾಣಿಯೂ ಬಂದಿದ್ದಳು. ಅವರು ಡಬ್ಬ ಹಿಡಿದು ಬಾಗಿಲಲ್ಲಿ ನಿಂತು, “ಯಾರು?” ಎಂದು ಕೇಳಿದರು. ನಾನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೆ. ಒಂದು ಕ್ಷಣವೂ ತಡೆಯದೆ ವಾಣಿ ಎದ್ದು ನಿಂತಳು.

“ನಾನೇ ಮಾವ.”

ನನಗೆ ಏನೂ ಅರ್ಥವಾಗಲಿಲ್ಲ, ಆದರೆ ಬದುಕಿದೆ ಎನಿಸಿತು. ಈಗ ಬೈಯುತ್ತಾರೆ, ಈಗ ಅವಳ ಸೊಕ್ಕು ಮುರಿಯುತ್ತದೆ ಎಂದು ಪುಸ್ತಕದ ಮೇಲಿನಿಂದ ನೋಡುತ್ತಿದ್ದೆ. ಅಪ್ಪ ಬೈಯಲಿಲ್ಲ. ಅವಳ ತಲೆ ಸವರಿ, “ಬಾ, ಒಡೆದಿದ್ದನ್ನ ಹೆಂಗೆ ನಿಲ್ಲಿಸೋದು ತೋರಿಸ್ತೀನಿ,” ಎಂದು ಜಗಲಿಗೆ ಕರೆದೊಯ್ದರು. ಬಿರುಕು ಮುಗಿಯುವ ತುದಿಯಲ್ಲಿ ಕಾದ ಮೊಳೆಯಿಂದ ಒಂದು ತೂತಿಟ್ಟರೆ ಅದು ಮುಂದೆ ಓಡುವುದಿಲ್ಲವಂತೆ. ಅದರ ಎರಡೂ ಬದಿಗೆ ಜೋಡಿ ತೂತುಗಳನ್ನಿಟ್ಟು ತೆಳ್ಳನೆಯ ತಾಮ್ರದ ತಂತಿಯಿಂದ ಹೊಲಿಗೆ ಹಾಕಬೇಕಂತೆ. ನನಗೆ ಗೊತ್ತೇ ಇರದಿದ್ದ ವಿದ್ಯೆ! ಎರಡು ವರ್ಷದಲ್ಲಿ ಅಪ್ಪ ಒಮ್ಮೆಯೂ ನನ್ನೆದುರು ಮಾಡದಿದ್ದದ್ದು, ನಾನು ಒಡೆದ ಡಬ್ಬದ ಮೇಲೆ, ಅವಳಿಗೆ! ತಪ್ಪು ನನ್ನದು, ಪಾಠ ಅವಳಿಗೆ. ನನ್ನ ತಪ್ಪನ್ನೂ ಅವಳು ತೆಗೆದುಕೊಂಡಿದ್ದಳು. ತಡೆಯಲಾಗಲಿಲ್ಲ. ಪುಸ್ತಕ ಎಸೆದು ಜಗಲಿಗೆ ಓಡಿದೆ.

“ಅವಳಲ್ಲ! ನಾನು ಒಡೆದಿದ್ದು! ನಾನೇ ಒಡೆದಿದ್ದು, ನಂಗೇ ಹೇಳ್ಕೊಡ್ಬೇಕು!”

ಹಪ್ಪಳದ ಹಿಟ್ಟು ಮೆತ್ತಿದ ಕೈಯಲ್ಲಿ ಅಮ್ಮ ಆಗ ತಾನೇ ಬಂದಿದ್ದವಳು ಅಲ್ಲೇ ನಿಂತಳು. ಅಪ್ಪ ತಲೆಯೆತ್ತಲಿಲ್ಲ.

“ಗೊತ್ತು. ಕಡ್ಡಿ ಗೀರೋಕೆ ಹೆದರೋಳು ಸ್ಟವ್ ಹೆಂಗೆ ಹಚ್ತಾಳೆ?”

“ಗೊತ್ತಿದ್ದೂ ಅವಳಿಗೆ ಯಾಕೆ ಹೇಳ್ಕೊಟ್ಟೆ ಅಪ್ಪ?”

“ಒಪ್ಕೊಂಡೋರಿಗೆ ತಾನೇ ಹೇಳ್ಕೊಡೋದು? ನೀನು ಈಗ ಒಪ್ಕೊಂಡೆ. ಕೂತ್ಕೋ.”

ಕೂತೆ. ತಂತಿಯ ಹೊಲಿಗೆ ನಾನು ಹಾಕಿದೆ, ಉಳಿದ ಬಾಯಿಯನ್ನು ವಾಣಿ ಕೊರೆದಳು. ನಾನು ಸತ್ಯ ಹೇಳಿದೆನೆಂದು ಅಮ್ಮ ಸಂಜೆಯೆಲ್ಲ ಬೀದಿಗೆ ಸಾರಿದಳು. ಸತ್ಯಕ್ಕೂ ನಾನು ಬಾಯಿ ಬಿಟ್ಟದ್ದಕ್ಕೂ ಏನೂ ಸಂಬಂಧವಿರಲಿಲ್ಲ.

ಮರುದಿನ ಬೆಳಿಗ್ಗೆ ಬೀದಿಯ ನಲ್ಲಿಯ ಹತ್ತಿರ ಕೊಡ ತುಂಬುವಾಗ ವಾಣಿ ಮೊದಲ ಸಲ ನನ್ನ ಮೇಲೆ ಸಿಟ್ಟಾದಳು.

“ಯಾಕೆ ಬಾಯಿ ಬಿಟ್ಟೆ? ಯಾರು ಕೇಳಿದ್ರು ನಿನ್ನ?”

“ನೀನ್ಯಾಕೆ ಸುಳ್ಳು ಹೇಳಿದ್ದು?”

“ಅಮ್ಮನ ಡಬ್ಬ ಒಡೆದೆ ಅಂದ್ರೆ ಮಾವಂಗೆ ಸಿಟ್ಟು ಬರತ್ತೆ, ಇವಳು ಬೇಡ ಅಂತ ಊರಿಗೆ ಕಳಿಸ್ತಾರೆ ಅಂದ್ಕೊಂಡಿದ್ದೆ. ಅವರು ಬೈಲೂ ಇಲ್ಲ. ನಿಮ್ಮ ಮನೇಲಿ ಯಾರೂ ಬೈಯಲ್ವಲ್ಲೇ.” ಅವಳು ತುಂಬಿದ ಕೊಡವನ್ನು ನಲ್ಲಿಯ ಕೆಳಗಿನಿಂದ ಜಗ್ಗಿ ಎಳೆದಳು. “ನೀನು ಅಮ್ಮಾ ಅಂತ ಕೂಗಿದ್ರೆ ನಿಮ್ಮಮ್ಮ ಓಡಿ ಬರ್ತಾರೆ. ದಿನಕ್ಕೆ ಎಷ್ಟು ಸಲ ಕೂಗ್ತೀಯ ನೀನು!”

ನನ್ನ ಮೇಲೆ ಹೊಟ್ಟೆಕಿಚ್ಚು ಪಡುವವರೂ ಇದ್ದಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಆದರೆ ಅವಳನ್ನು ಕಂಡು ಕರುಳು ಚುರ್ ಎಂದಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಹೊಳೆದದ್ದು ಬೇರೆ. ಇವಳಿಗೆ ಹೋಗಬೇಕು. ಇವಳು ಹೋದರೆ ಬ್ಲೇಡು ನನಗೆ, ದಿಂಬು ನನಗೆ, ಅಪ್ಪ ನನಗೆ. ಕೊಡವನ್ನು ಅಲ್ಲೇ ಬಿಟ್ಟು ಓಡಿದೆ. ಅಪ್ಪ ಗಡ್ಡ ಹೆರೆಯುತ್ತಿದ್ದರು.

“ಅಪ್ಪ, ವಾಣಿಗೆ ಇಲ್ಲಿರೋಕೆ ಇಷ್ಟ ಇಲ್ವಂತೆ. ನೀನು ಬೈದು ವಾಪಸ್ ಕಳಿಸ್ಲಿ ಅಂತ ಸುಳ್ಳು ಹೇಳಿದ್ದಂತೆ. ಅವಳಿಗೆ ಅವರಮ್ಮ ಬೇಕಂತೆ.”

ಅಪ್ಪನ ಕೈ ನಿಂತಿತು. ಅಮ್ಮ ಒಳಗಿನಿಂದ, “ರೀ, ಬೇಡ. ಆ ಮಗು ಅದನ್ನೆಲ್ಲ ಕಣ್ಣಾರೆ ನೋಡೋದು ಬೇಡ. ಇನ್ನೊಂದಷ್ಟು ದಿನ ಇರ್ಲಿ,” ಎಂದಳು. ಯಾವುದನ್ನು ನೋಡುವುದು ಬೇಡ ಎಂದು ನನಗೆ ತಿಳಿಯಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ. ಅಪ್ಪ ತಮ್ಮ ಅರ್ಧ ನೊರೆಯ ಮುಖವನ್ನು ಹಾಗೇ ಒರೆಸಿಕೊಂಡು, “ಅವಳ ಬಟ್ಟೆ ಚೀಲಕ್ಕೆ ತುಂಬು,” ಎಂದರು. ನಾನೇ ತುಂಬಿದೆ. ಅಷ್ಟು ಚೆನ್ನಾಗಿ ಬಟ್ಟೆ ಮಡಚಿದ್ದು ಅದೇ ಮೊದಲು.

ವಿನೋಬನಗರದ ಮನೆಯ ಮುಂದಿನ ಕೋಣೆಯಲ್ಲೇ ಅತ್ತೆಯ ಮಂಚ ಹಾಕಿದ್ದರು. ದೀಪಾವಳಿಯಲ್ಲಿ ನೋಡಿದ ಅತ್ತೆ ಅದರಲ್ಲಿರಲಿಲ್ಲ, ಅರ್ಧದಷ್ಟಾಗಿದ್ದರು. ತಂತಿಯ ಹೊಲಿಗೆಯಿದ್ದ ಡಬ್ಬವನ್ನು ಅಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟರು. ಅತ್ತೆ ಮಲಗಿದಲ್ಲಿಂದಲೇ ಕೈ ಹಾಕಿದರು. ಹಸಿರು ಬಳೆಯ ಅಳತೆ ಈಗ ಅವರಿಗೆ ಎಷ್ಟು ದೊಡ್ಡದಾಗಿತ್ತೆಂದರೆ ಕೈ ಮೊಣಕೈವರೆಗೂ ಒಳಗೆ ಹೋಯಿತು.

“ಎಷ್ಟು ನುಣ್ಣಗಿದೆ ಅಣ್ಣ! ಯಾರ ಕೈ ಇದು?”

“ಇಬ್ರದೂ,” ಎಂದರು ಅಪ್ಪ.

ವಾಣಿ ಮಂಚ ಹತ್ತಿ ಅತ್ತೆಯ ಬೆನ್ನಿನ ಹಿಂದೆ ಗೋಡೆಗೆ ಒತ್ತಿಕೊಂಡು ಮಲಗಿಬಿಟ್ಟಳು. ಊಟಕ್ಕೆ ಕರೆದರೂ ಏಳಲಿಲ್ಲ. ಅವಳ ಅಪ್ಪ, ಅಜ್ಜಿ, ನನ್ನ ಅಮ್ಮ, ಎಲ್ಲರೂ ಅಡುಗೆಮನೆಯಲ್ಲಿ ಪಿಸುಗುಟ್ಟಿ ಬಂದು ಒಬ್ಬೊಬ್ಬರಾಗಿ ಅವಳಿಗೆ ಹೇಳಿ ನೋಡಿದರು. ಪರೀಕ್ಷೆ ಮುಗಿಯಲಿ ಎಂದರು, ಅಮ್ಮ ಗುಣವಾದ ಮೇಲೆ ಬರುವೆಯಂತೆ ಎಂದರು. ಅವಳು ಅತ್ತೆಯ ಸೆರಗು ಬಿಡಲಿಲ್ಲ. ಕೊನೆಗೆ ನನ್ನ ಅಪ್ಪ, “ಅವಳು ಇಲ್ಲೇ ಇರ್ತಾಳೆ. ಇನ್ನು ಯಾರೂ ಏನೂ ಹೇಳಬೇಡಿ,” ಎಂದು ಚಪ್ಪಲಿ ಮೆಟ್ಟಿದರು.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಸಿಕ್ಕಿತು. ನಾನು ಸಂತೋಷವಾಗಿದ್ದೆ. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೂ ಅದೇ ನಿಜ. ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದೆ. ಅಪ್ಪ ಮುಂದಿನ ಸೀಟಿನ ಸರಳಿಗೆ ಹಣೆಯಿಟ್ಟು ಕೂತಿದ್ದರು, ನಿದ್ದೆ ಬಂದಿರಬೇಕು ಎಂದುಕೊಂಡೆ. ಅದಾದ ಎರಡು ವಾರಕ್ಕೆ ಅವರು ಬ್ಲೇಡನ್ನು ನನ್ನ ಕೈಗೆ ಕೊಟ್ಟರು. ನನ್ನ ಗೆರೆ ಆಚೀಚೆ ಓಡಿತು. ಅಪ್ಪನ ಕಣ್ಣು ಒಮ್ಮೆ ಬಾಗಿಲ ಕಡೆ ಹೋಗಿ ಬಂತು. ಅಲ್ಲಿ ಯಾರೂ ಕೂತಿರಲಿಲ್ಲ. ಇಲ್ಲದವಳ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ಅವತ್ತು ಕಲಿತೆ.

ಬೇಸಿಗೆ ರಜೆ ಮುಗಿಯುವುದರೊಳಗೆ ಸರೋಜತ್ತೆ ತೀರಿಕೊಂಡರು. ದೊಡ್ಡವರಿಗೆಲ್ಲ ಮೊದಲೇ ಗೊತ್ತಿತ್ತು. ನಮ್ಮಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ನಮ್ಮ ಮನೆಯಿಂದ ಹೋದ ಮೇಲೆ ವಾಣಿಗೆ ತಾಯಿ ಸಿಕ್ಕಿದ್ದು ಮೂರು ತಿಂಗಳಿಗೂ ಕಡಿಮೆ. ಆ ದಿನಗಳಲ್ಲಿ ಅವಳು ಅತ್ತೆಯ ಜಡೆ ಹಾಕಿದ್ದಳು, ಗಂಜಿ ಕುಡಿಸಿದ್ದಳು, ಅವರ ಬೆನ್ನ ಹಿಂದೆಯೇ ಮಲಗಿದ್ದಳು. ಅಂದಿನಿಂದ ಇಂದಿನವರೆಗೆ ಮದುವೆಯಲ್ಲಿ, ಗೃಹಪ್ರವೇಶದಲ್ಲಿ, ಯಾರು ಸಿಕ್ಕರೂ ಅವಳು ನನ್ನ ತೋಳು ಹಿಡಿದು, “ಶೈಲಾ ಹೇಳದೇ ಇದ್ದಿದ್ರೆ ನಾನು ಅಮ್ಮನ್ನ ಕೊನೇಲಿ ನೋಡ್ತಾನೇ ಇರ್ಲಿಲ್ಲ,” ಎನ್ನುತ್ತಾಳೆ. ಕೇಳಿದವರು ನನ್ನನ್ನು ಗೌರವದಿಂದ ನೋಡುತ್ತಾರೆ. ನಾನು ಒಮ್ಮೆಯೂ ಅಲ್ಲ ಎನ್ನಲಿಲ್ಲ.

ಅವಳಿಗೆ ಹೇಳದೆ ಇದನ್ನು ಅಚ್ಚಿಗೆ ಕೊಡುವುದು ಸರಿಯಲ್ಲ ಎನಿಸಿ ಕಳೆದ ತಿಂಗಳು ಇಲ್ಲಿಯವರೆಗೆ ಬರೆದದ್ದನ್ನು ತೆಗೆದುಕೊಂಡು ವಿನೋಬನಗರಕ್ಕೆ ಹೋದೆ. ವಾಣಿ ನೆಲದ ಮೇಲೆ ಕಾಲು ಚಾಚಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನಾನು ಓದಿದೆ. ಬ್ಲೇಡು ನನಗೆ, ದಿಂಬು ನನಗೆ ಎಂಬಲ್ಲಿಗೆ ಬಂದಾಗ ನನ್ನ ದನಿ ಇಳಿಯಿತು. ಅವಳು ಕೈ ನಿಲ್ಲಿಸಲಿಲ್ಲ.

“ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನೆ ಮಾರಾಯ್ತಿ? ನಂಗೆ ಅವತ್ತೇ ಗೊತ್ತಿತ್ತು. ನನ್ನ ಬಟ್ಟೆ ಮಡಚುವಾಗ ನಿನ್ನ ಮುಖ ನೋಡಿದ್ನಲ್ಲ.”

“ಮತ್ತೆ ಊರೆಲ್ಲ ನನ್ನ ಹೊಗಳ್ಕೊಂಡು ಬಂದೆಯಲ್ಲೇ?”

“ಹೊಗಳದೆ ಇನ್ನೇನು ಮಾಡ್ಲಿ? ನನ್ನ ಮೇಲೆ ಪ್ರೀತಿ ಇದ್ದೋರೆಲ್ಲ ಇರು ಪುಟ್ಟಿ, ಇನ್ನೊಂದಷ್ಟು ದಿನ ಇರು ಅಂದ್ರು. ನಾನು ಮನೆಗೆ ಹೋಗ್ಲಿ ಅಂತ ಅನ್ನಿಸಿದ್ದು ನಿನ್ನ ಹೊಟ್ಟೆಕಿಚ್ಚು ಒಂದಕ್ಕೇ ಕಣೇ.”